ಲೆಕ್ಕದ ಹೊಳೆ

ತಿಂಗಳ ಸಂಬಳ ಎತ್ತ ಹರಿದುಹೋಯಿತೆಂದು ತಲೆ ತುರಿಸಿಕೊಂಡವರಲ್ಲಿ ನೀವೂ ಇರಬಹುದು. ಅದನ್ನು ಕಣ್ಣಿಗೆ ಕಟ್ಟಿಕೊಡುವ ಗಣಕಯಂತ್ರದ ಸಲಕರಣೆಯೊಂದುಂಟು. ಸ್ಯಾಂಕಿಮ್ಯಾಟಿಕ್ ಎಂದು ಅದರ ಹೆಸರು. ಎಲ್ಲಿಂದ, ಎಷ್ಟು, ಎಲ್ಲಿಗೆ ಎಂದು ಸಾಲುಸಾಲಾಗಿ ಬರೆದುಕೊಟ್ಟರೆ, ಹೊಳೆಯು ಕಾಲುವೆಗಳಾಗಿ ಒಡೆದಂತೆ ಚಿತ್ರ ಮೂಡುತ್ತದೆ. ಮೊತ್ತವೆಷ್ಟೋ ಕಾಲುವೆಯೂ ಅಷ್ಟೇ ಅಗಲ. 1898ರಲ್ಲಿ ಸ್ಯಾಂಕಿ ಎಂಬ ಎಂಜಿನಿಯರು ಉಗಿಯಂತ್ರದ ಶಾಖ ಎಲ್ಲೆಲ್ಲಿ ಪೋಲಾಗುವುದೆಂದು ಇಂಥದೇ ಚಿತ್ರದಲ್ಲಿ ತೋರಿಸಿದರು. ಹೆಸರು ಬಂದುದು ಅವರಿಂದ.

ನಮ್ಮ ಮನೆಯ ಲೆಕ್ಕವನ್ನು ಮಗಳು ಹೀಗೆ ಬರೆದಳು. ನೂರರಲ್ಲಿ ಹನ್ನೆರಡು ಪಾಲು ಯಾವ ಕಾಲುವೆಗೂ ಸೇರದೆ ನಿಂತಿತು. "ಇದೆಲ್ಲಿ ಹೋಯಿತು?" ಎಂದಳು ನನ್ನಾಕೆ. ಅವಳಿಗೆ ಹೇಳದೆ ಮಾಡಿದ್ದ ಸಾಲದ ಬಡ್ಡಿ ಅದು, ಅಂದು ಹೇಳಿದೆ.

ಯಂತ್ರಕ್ಕೆ ಸತ್ಯಾಸತ್ಯ ತಿಳಿಯದು. ಕೊಟ್ಟುದನ್ನು ಬಿಡಿಸುತ್ತದೆ, ಅಷ್ಟೆ. ಆದರೆ ಒಳಬಂದುದೂ ಹೊರಹೋದುದೂ ಸರಿಹೊಂದದಿದ್ದರೆ ಬಿಟ್ಟ ಜಾಗವೇ ಮಾತಾಡುತ್ತದೆ. ನೀವೂ ಒಮ್ಮೆ ಬರೆದುನೋಡಿ.