ಬೇಳೆ, ಹಾಲು ನಿಲ್ಲಿಸಬೇಕೇ?



ಮಗುವಿನ ರಕ್ತ ಕ್ಯಾನ್ಸರಿಗೆ ಕಿದ್ವಾಯಿಯಲ್ಲೋ ಬೇರೆಡೆಯೋ ಕೀಮೋ ಕೊಡಿಸುತ್ತಿರುವವರು ಕೇಳುತ್ತಾರೆ: “ಸಿಸ್ಟರ್, ಪ್ರೋಟೀನ್ ತಿಂದರೆ ಕ್ಯಾನ್ಸರ್ ಬೆಳೆಯುತ್ತಂತೆ, ಬೇಳೆ, ಹಾಲು ನಿಲ್ಲಿಸಿಬಿಡೋಣವೇ?” ದಯವಿಟ್ಟು ನಿಲ್ಲಿಸಬೇಡಿ.

ಈ ಮಾತು ಹುಟ್ಟಿದ್ದು ಒಂದು ನಿಜದಿಂದಲೇ. ಪ್ರೋಟೀನು ಅಮೈನೋ ಆಮ್ಲಗಳಿಂದ ಆದದ್ದು. ಆಸ್ಪರಜಿನ್ ಅವುಗಳಲ್ಲೊಂದು. ಆರೋಗ್ಯವಂತ ಜೀವಕೋಶಗಳು ಇದನ್ನು ತಾವೇ ತಯಾರಿಸಿಕೊಳ್ಳುತ್ತವೆ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಎ.ಎಲ್.ಎಲ್. ಎಂಬ ರಕ್ತ ಕ್ಯಾನ್ಸರಿನ ಕೋಶಗಳಿಗೆ ಆ ಶಕ್ತಿ ಬಹಳ ಕಡಿಮೆ. ರಕ್ತದಿಂದ ಕಡ ತಂದೇ ಬದುಕಬೇಕು. 1953ರಲ್ಲಿ ಅಮೆರಿಕದ ಜಾನ್ ಕಿಡ್ ಗಿನಿಪಿಗ್‌ನ ಸೀರಂ ಚುಚ್ಚಿದಾಗ ಇಲಿಗಳ ಕ್ಯಾನ್ಸರ್ ಗೆಡ್ಡೆ ಕರಗಿತು. ಅದರಲ್ಲಿದ್ದದ್ದು ಆಸ್ಪರಜಿನ್ ಒಡೆಯುವ ಆಸ್ಪರಜಿನೇಸ್ ಎಂಬ ಕಿಣ್ವ. ಈಗ ಬ್ಯಾಕ್ಟೀರಿಯಾದಿಂದ ತಯಾರಿಸಿದ ಆ ಕಿಣ್ವವನ್ನೇ ವಿನ್‌ಕ್ರಿಸ್ಟೀನ್, ಸ್ಟೀರಾಯ್ಡ್ ಜೊತೆಗೆ ಇಂಜೆಕ್ಷನ್ ಆಗಿ ಕೊಡುತ್ತಾರೆ.

ಅಂದರೆ ಇಲ್ಲಿ ಪಥ್ಯ ಮಾಡಿಸುವುದು ಇಂಜೆಕ್ಷನ್, ಅಡಿಗೆಮನೆಯಲ್ಲ. ನೀವು ಬೇಳೆ ಬಿಡಿಸಿದರೂ ದೇಹ ಆಸ್ಪರಜಿನ್ ತಯಾರಿಸುತ್ತಲೇ ಇರುತ್ತದೆ, ಸೊರಗುವುದು ಮಗು. ಸೊರಗಿದ ಮಗುವಿಗೆ ಸೋಂಕು ಬೇಗ, ಕೀಮೋ ಮುಂದೂಡಬೇಕಾದೀತು. ಆಸ್ಪರಜಿನ್ ಕಡಿಮೆಯಿರುವ ಆಹಾರದಿಂದ ಸ್ತನ ಕ್ಯಾನ್ಸರ್ ಹರಡುವುದು ತಗ್ಗಿತೆಂದು 2018ರಲ್ಲಿ ವರದಿ ಬಂತು, ನಿಜ. ಆದರೆ ಅದು ಇಲಿಗಳಲ್ಲಿ! ಮನೆಯವರ ಮೇಲೆ ಆ ಪ್ರಯೋಗ ಬೇಡ.

ಮೆತ್ತಗೆ ಬೇಯಿಸಿದ ಹೆಸರುಬೇಳೆ ಪೊಂಗಲ್, ರಾಗಿ ಗಂಜಿ, ಕಾಯಿಸಿದ ಹಾಲು ಸ್ವಲ್ಪಸ್ವಲ್ಪವಾಗಿ ಕೊಡಿ.

ಇಂಜೆಕ್ಷನ್ ಆದ ಮೇಲೆ ಮೈಮೇಲೆ ದದ್ದು, ಉಸಿರಾಟದ ತೊಂದರೆ, ಬಿಡದ ಹೊಟ್ಟೆನೋವು, ವಾಂತಿ, ಜೋರು ತಲೆನೋವು, ಫಿಟ್ಸ್, ಕಾಲು ಬಾವು, ಅತಿಯಾದ ದಾಹ ಕಂಡರೆ ಬೆಳಗಾಗಲೆಂದು ಕಾಯಬೇಡಿ. ಹತ್ತಿರದ ಆಸ್ಪತ್ರೆಗೆ ಫೈಲ್ ಸಮೇತ ಬನ್ನಿ. ಊಟ ನಿಲ್ಲಿಸಬೇಕಾದರೆ ಆಗ ವೈದ್ಯರೇ ಹೇಳುತ್ತಾರೆ.