ಮಾರ್ಚ್ 25: ನಮ್ಮ ಸಂಘದ ಹುಟ್ಟುಹಬ್ಬದ ದಿನ ಜಗತ್ತಿನಲ್ಲಿ ಏನೇನು ನಡೆಯಿತು
(ರಜತ ಮಹೋತ್ಸವ ಸಮಾರಂಭದಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನಾನು ಭಾಷಣಕಾರನಲ್ಲ. ಎಸ್ಸೆಸ್ಸೆಲ್ಸಿಗೇ ಓದು ನಿಂತಿತು. ಆದರೆ ಪತ್ರಿಕೆಯಲ್ಲಿ ಬರುವ ದಿನವಿಶೇಷದ ತುಣುಕುಗಳನ್ನು ಕತ್ತರಿಸಿ ನೋಟ್ ಪುಸ್ತಕಕ್ಕೆ ಅಂಟಿಸುವ ಚಟ ಒಂದಿದೆ. ಮನೆಯವಳು ಇದಕ್ಕೆ ಬೈಯುತ್ತಲೇ ಇರುತ್ತಾಳೆ. ಈ ಸಮಾರಂಭಕ್ಕೆಂದು ಸಂಘದ ಮೊದಲ ನಡವಳಿ ಪುಸ್ತಕ ತೆಗೆದಾಗ ಮೊದಲ ಸಭೆಯ ತಾರೀಕು ಮಾರ್ಚ್ 25 ಅಂತ ಇತ್ತು. ಮನೆಗೆ ಹೋಗಿ ನನ್ನ ನೋಟ್ ಪುಸ್ತಕ ತಿರುವಿದೆ. ಅಲ್ಲಿ ಕಂಡದ್ದನ್ನು ನಿಮ್ಮ ಮುಂದೆ ಹೇಳುತ್ತೇನೆ.

ಮೊದಲನೆಯದು ನಮ್ಮದೇ ವಿಷಯ. ಭಾರತದಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದದ್ದು 1904ರ ಮಾರ್ಚ್ 25ರಂದು. ನಮ್ಮ ಹಿರಿಯರು ಇದನ್ನು ತಿಳಿದೇ ಆ ದಿನ ಸಭೆ ಸೇರಿದರೋ, ಸುಮ್ಮನೆ ಕೂಡಿ ಬಂತೋ, ನಡವಳಿಯಲ್ಲಿ ಬರೆದಿಲ್ಲ. ಬ್ರಿಟಿಷರಿಗೆ ರೈತರ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿ ಈ ಕಾಯಿದೆ ಬರಲಿಲ್ಲ. 1875ರಲ್ಲಿ ಪುಣೆ, ಅಹಮದ್‌ನಗರದ ಕಡೆಯ ರೈತರು ಸಾಹುಕಾರರ ಮನೆ ಮುತ್ತಿ ಸಾಲದ ಪತ್ರಗಳನ್ನು ಬೀದಿಗೆ ಎಳೆದು ಸುಟ್ಟರು. ಹತ್ತಿಯ ಬೆಲೆ ಬಿದ್ದಿತ್ತು, ಕಂದಾಯ ಇಳಿದಿರಲಿಲ್ಲ, ಬಡ್ಡಿ ಬೆಳೆಯುತ್ತಿತ್ತು. ಆಮೇಲೆ ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯೂರೋಪು ಸುತ್ತಿ, ಜರ್ಮನಿಯ ರೈಫೈಸನ್ ಎಂಬಾತ ಹಳ್ಳಿಗಳಲ್ಲಿ ಕಟ್ಟಿದ ಸಾಲದ ಸಂಘಗಳನ್ನು ನೋಡಿ ವರದಿ ಬರೆದರು. ಅಂಥದೇ ಇಲ್ಲೂ ಆಗಬೇಕು ಎಂಬುದು ಅವರ ಅಭಿಪ್ರಾಯ.

1904ರ ಕಾಯಿದೆ ಬಹಳ ಸರಳ. ಒಂದೇ ಊರಿನ ಹತ್ತು ಜನ ವಯಸ್ಕರು ಕೂಡಿದರೆ ಸಂಘ. ಹಳ್ಳಿಯ ಸಂಘದಲ್ಲಿ ಐದರಲ್ಲಿ ನಾಲ್ಕು ಪಾಲು ಸದಸ್ಯರು ಬೇಸಾಯಗಾರರೇ ಇರಬೇಕು. ಹೊಣೆ ಮಾತ್ರ ಅಪರಿಮಿತ. ಅಂದರೆ ಒಬ್ಬ ಸಾಲ ಕಟ್ಟದೆ ಹೋದರೆ ಮಿಕ್ಕವರ ಆಸ್ತಿಯೂ ಅದಕ್ಕೆ ಜವಾಬು. ಇವತ್ತು ಹೀಗೆಂದರೆ ಈ ಶಾಮಿಯಾನದಲ್ಲಿ ಎಷ್ಟು ಜನ ಕೂತಿರುತ್ತೀರೋ ಕಾಣೆ! ಆದರೆ ಆ ಷರತ್ತಿಗೆ ಒಪ್ಪಿದವರು ನಮ್ಮ ಕನ್ನಡ ನಾಡಿನಲ್ಲೇ ಇದ್ದರು. ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಮುಂದೆ ನಿಂತು 1905ರಲ್ಲಿ ಕೃಷಿ ಪತ್ತಿನ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಂಘ ಎಂಬ ಹೆಸರು ಅದಕ್ಕಿದೆ. ಮೈಸೂರು ಸಂಸ್ಥಾನವೂ ಅದೇ ವರ್ಷ ತನ್ನದೇ ಕಾನೂನು ತಂದಿತು.

ಇನ್ನು ಜನ್ಮದಿನಕ್ಕೆ ಬರುತ್ತೇನೆ. ಸರಿಯಾಗಿ ಹತ್ತು ವರ್ಷದ ಮೇಲೆ, 1914ರ ಮಾರ್ಚ್ 25ರಂದು, ಅಮೆರಿಕದ ಅಯೋವಾದಲ್ಲಿ ರೈತರ ಮನೆಯಲ್ಲಿ ನಾರ್ಮನ್ ಬೊರ್ಲಾಗ್ ಹುಟ್ಟಿದರು. ಓದಿದ್ದು ಒಂದೇ ಕೋಣೆಯ ಹಳ್ಳಿ ಶಾಲೆಯಲ್ಲಿ. 1944ರಲ್ಲಿ ಮೆಕ್ಸಿಕೋಗೆ ಹೋಗಿ ಗೋಧಿಯ ತಳಿ ಹಿಡಿದು ಕೂತರು. ಹಳೆಯ ಗೋಧಿಗೆ ಗೊಬ್ಬರ ಜಾಸ್ತಿ ಕೊಟ್ಟರೆ ಎತ್ತರಕ್ಕೆ ಬೆಳೆದು, ತೆನೆಯ ಭಾರಕ್ಕೆ ಮಲಗಿಬಿಡುತ್ತಿತ್ತು. ಗದ್ದೆ ಮಲಗಿದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಜಪಾನಿನ ಗಿಡ್ಡ ತಳಿಯೊಂದರ ಗುಣ ಸೇರಿಸಿ ಅವರು ಗಿಡ್ಡ ಗೋಧಿ ಮಾಡಿದರು. ವರ್ಷಕ್ಕೆ ಒಂದೇ ಬೆಳೆ ನೋಡುತ್ತ ಕೂರದೆ ಒಂದು ಬೆಳೆ ಬಯಲಲ್ಲಿ, ಇನ್ನೊಂದು ಗುಡ್ಡದ ತಂಪಿನಲ್ಲಿ ತೆಗೆದರು. ಕೆಲಸ ಅರ್ಧ ಕಾಲಕ್ಕೆ ಮುಗಿಯಿತು.

1966ರಲ್ಲಿ ಭಾರತ ಮೆಕ್ಸಿಕೋದಿಂದ 18,000 ಟನ್ ಬಿತ್ತನೆ ಗೋಧಿ ತರಿಸಿತು. ಸಿ. ಸುಬ್ರಹ್ಮಣ್ಯಂ ಆಗ ಮಂತ್ರಿ, ವಿಜ್ಞಾನಿಗಳ ಪೈಕಿ ಎಂ.ಎಸ್. ಸ್ವಾಮಿನಾಥನ್. 1965ರಲ್ಲಿ ಸುಮಾರು 120 ಲಕ್ಷ ಟನ್ ಇದ್ದ ನಮ್ಮ ಗೋಧಿ 1970ರ ಹೊತ್ತಿಗೆ 200 ಲಕ್ಷ ಟನ್ನಾಯಿತು. ಬೊರ್ಲಾಗ್‌ಗೆ 1970ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ನಮ್ಮ ಕಡೆಯ ಹಿರಿಯರಿಗೆ ಗೋಧಿಗಿಂತ ಐ.ಆರ್. 8 ಭತ್ತ ಚೆನ್ನಾಗಿ ನೆನಪಿರುತ್ತದೆ. ಅದು ಫಿಲಿಪೀನ್ಸ್‌ನಿಂದ ಬಂದದ್ದು, ಆದರೆ ಗಿಡ್ಡ ಮಾಡುವ ಲೆಕ್ಕ ಅದೇ. ನಮ್ಮ ತಾತ ಮಾತ್ರ ಕೊನೆಯವರೆಗೂ, ಹುಲ್ಲು ಕಡಿಮೆ, ದನಕ್ಕೇನು ಹಾಕಲಿ ಅಂತ ಗೊಣಗುತ್ತಿದ್ದರು. ಅವರ ಮಾತಿನಲ್ಲೂ ನಿಜವಿತ್ತು.

ನನಗೆ ಬಹಳ ಯೋಚನೆಗೆ ಹಚ್ಚಿದ್ದು ಇದು. ಹಳೆಯ ಬೀಜ ಮನೆಯ ವಾಡೆಯಲ್ಲೇ ಇರುತ್ತಿತ್ತು, ಗೊಬ್ಬರ ಕೊಟ್ಟಿಗೆಯಿಂದ ಬರುತ್ತಿತ್ತು. ಹೊಸ ಬೀಜಕ್ಕೆ ಚೀಲದ ಗೊಬ್ಬರ ಬೇಕು, ನೀರು ಬೇಕು, ಔಷಧಿ ಬೇಕು. ಎಲ್ಲಕ್ಕೂ ಮುಂಗಾರಿಗೆ ಮೊದಲೇ ರೊಕ್ಕ ಬೇಕು. 1914ರ ಮಾರ್ಚ್ 25ರಂದು ಹುಟ್ಟಿದವರ ಬೀಜ, 1904ರ ಮಾರ್ಚ್ 25ರ ಸಾಲದ ಸಂಘ ಇಲ್ಲದೆ ಸಣ್ಣ ರೈತನ ಹೊಲಕ್ಕೆ ಬರುವ ಹಾಗಿರಲಿಲ್ಲ. ಸಂಘ ಇಲ್ಲದ ಕಡೆ ಸಾಹುಕಾರ ಇದ್ದ. ನಮ್ಮ ತಾತ ಹೆಬ್ಬೆಟ್ಟು ಒತ್ತಿದ ಪತ್ರ ಒಂದು ಇವತ್ತೂ ನಮ್ಮ ಪೆಟ್ಟಿಗೆಯಲ್ಲಿದೆ. ಪತ್ರ ಉಳಿಯಿತು, ಕೆರೆ ಕೆಳಗಿನ ಒಂದೆಕರೆ ಉಳಿಯಲಿಲ್ಲ. ಇಂದು ಮನೆ ಬಾಗಿಲಿಗೇ ಬಂದು ವಾರದ ಕಂತಿಗೆ ಸಾಲ ಕೊಡುವವರು ಇದ್ದಾರೆ. ತಾಯಂದಿರೆ, ಸಹಿ ಮಾಡುವ ಮುಂಚೆ ವರ್ಷಕ್ಕೆ ಎಷ್ಟು ಬಡ್ಡಿ ಬೀಳುತ್ತದೆ ಅಂತ ಮಕ್ಕಳ ಕೈಲಿ ಲೆಕ್ಕ ಹಾಕಿಸಿ.

1807ರ ಮಾರ್ಚ್ 25ರಂದು ಇಂಗ್ಲೆಂಡಿನಲ್ಲಿ ಗುಲಾಮರ ವ್ಯಾಪಾರ ನಿಲ್ಲಿಸುವ ಕಾನೂನಿಗೆ ರಾಜನ ಒಪ್ಪಿಗೆ ಬಿತ್ತು. ನಿಂತದ್ದು ವ್ಯಾಪಾರ ಮಾತ್ರ, ಗುಲಾಮಗಿರಿ ಅಲ್ಲ. ಅದಕ್ಕೆ 1833ರಲ್ಲಿ ಬೇರೆ ಕಾನೂನೇ ಬರಬೇಕಾಯಿತು. ಆಗ 2 ಕೋಟಿ ಪೌಂಡ್ ಪರಿಹಾರ ಕೊಟ್ಟರು, ಗುಲಾಮರಿಗಲ್ಲ, ಅವರ ಧಣಿಗಳಿಗೆ! ನಮ್ಮಲ್ಲಿ ಜೀತ ನಿಷೇಧವಾದದ್ದು 1976ರ ಕಾಯಿದೆಯಿಂದ. ಜೀತಕ್ಕಿದ್ದವರ ಮಕ್ಕಳು ಇಂದು ಈ ಸಂಘದ ಷೇರುದಾರರು. ಅವರಲ್ಲಿ ಕೆಲವರು ನನಗಿಂತ ಮೊದಲೇ ಸಾಲ ತೀರಿಸುತ್ತಾರೆ.

ಇದೇ ದಿನದ ಒಂದು ದುಃಖದ ಸಂಗತಿಯೂ ಇದೆ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿತ್ತು. ಹೊಲಿಗೆ ಕೆಲಸದ 146 ಜನ ಸತ್ತರು. ಬಹುಪಾಲು ಹೊರದೇಶಗಳಿಂದ ದುಡಿಯಲು ಬಂದ ಹೆಣ್ಣುಮಕ್ಕಳು. ಕೆಲಸಗಾರರು ಬಟ್ಟೆ ಕದ್ದಾರು, ನಡುವೆ ಎದ್ದು ಹೋದಾರು ಅಂತ ಒಂದು ಬಾಗಿಲಿಗೆ ಬೀಗ ಹಾಕಿದ್ದರು. ಬೆಂಕಿಯವರ ಏಣಿ ಆ ಎತ್ತರಕ್ಕೆ ಮುಟ್ಟಲಿಲ್ಲ. ಕಿಟಕಿಯಿಂದ ಹಾರಿದವರೂ ಉಳಿಯಲಿಲ್ಲ. ಆಮೇಲೆ ಅಲ್ಲಿ ಕಾರ್ಖಾನೆಗಳಿಗೆ ಹೊಸ ಕಾನೂನುಗಳು ಬಂದವು.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನಮ್ಮ ಸಂಘದ ಗೋದಾಮಿಗೆ ಇರುವುದು ಒಂದೇ ಬಾಗಿಲು. ಒಳಗೆ ಗೊಬ್ಬರ, ಖಾಲಿ ಗೋಣಿಚೀಲ, ಹಳೆಯ ವೈರಿಂಗ್. ಸುಗ್ಗಿಯಲ್ಲಿ ಏಳೆಂಟು ಜನ ಹಮಾಲರು ಒಳಗೇ ಇರುತ್ತಾರೆ. ಹೋದ ವರ್ಷ ಆಡಳಿತ ಮಂಡಳಿಯಲ್ಲಿ ಹಿಂದಿನ ಗೋಡೆಗೆ ಇನ್ನೊಂದು ಬಾಗಿಲು ಇಡೋಣ ಎಂದೆ. ಎರಡು ಬಾಗಿಲಾದರೆ ಕಳ್ಳರಿಗೆ ಅನುಕೂಲ ಎಂದು ನಕ್ಕರು, ನಾನೂ ನಕ್ಕು ಸುಮ್ಮನಾದೆ. ಸುಮ್ಮನಾದದ್ದು ನನ್ನ ತಪ್ಪು. ಇವತ್ತು ಸರ್ವ ಸದಸ್ಯರ ಎದುರಿಗೆ ಅದನ್ನೇ ಮತ್ತೆ ಕೇಳುತ್ತಿದ್ದೇನೆ. ಅಧ್ಯಕ್ಷರು ದಯವಿಟ್ಟು ಮುಂದಿನ ಸಭೆಯ ಮೊದಲ ವಿಷಯವಾಗಿ ಇದನ್ನು ಬರೆಸಬೇಕು. ಕಬ್ಬಿಣದ ಬಾಗಿಲಿನ ಖರ್ಚಿನಲ್ಲಿ ನನ್ನ ಈ ವರ್ಷದ ಡಿವಿಡೆಂಡ್ ಮುರಿದುಕೊಳ್ಳಲಿ.

ಮಾರ್ಚ್ 31ಕ್ಕೆ ಇನ್ನು ಆರೇ ದಿನ ಇದೆ. ಸಾಲದ ಕೌಂಟರು ಭಾನುವಾರವೂ ತೆರೆದಿರುತ್ತದೆ ಎಂದು ಕಾರ್ಯದರ್ಶಿಗಳು ಹೇಳಲು ತಿಳಿಸಿದ್ದಾರೆ. ಊಟಕ್ಕೆ ಹೊತ್ತಾಯಿತು, ಹಿಂದೆ ನಿಂತವರು ಮೊದಲು ಪಂಕ್ತಿಗೆ ಹೋಗಿ.