ಓದಿ ಹೇಳದ ಕಾಗದಕ್ಕೆ ಹೆಬ್ಬೆಟ್ಟು ಬೇಡ



ಬಾದಾಮಿ, ಹುನಗುಂದ, ಇಳಕಲ್ಲಿನ ಹಳ್ಳಿಗಳಿಂದ ಬಂದು ಬಾಗಲಕೋಟೆಯ ಹಾಸ್ಟೆಲ್ಲುಗಳಲ್ಲಿ ಉಂಡು ಓದಿದ ನಾವು ವಕೀಲರಲ್ಲ. ಬರೀ ಬಿ.ಎ. ಆದರೂ ರಜೆಗೆ ಹೋದರೆ ಕೇರಿಯವರು ನಮ್ಮ ಮುಂದೆಯೇ ಕಾಗದ ಹಿಡಿಯುತ್ತಾರೆ: 'ತಮ್ಮಾ, ಇದರಾಗ ಏನ್ ಬರದಾರ ನೋಡೋ.' ಅಷ್ಟೊತ್ತಿಗೆ ಹೆಬ್ಬೆಟ್ಟು ಬಿದ್ದು ಹೋಗಿರುತ್ತದೆ.

'ಜಾತಿ ಹಿಡದು ಬೈದು ಬಡದಾರ. ಠಾಣೇದಾಗ ಬರಕೊಳ್ಳವಲ್ಲರು' ಎನ್ನುತ್ತಾರೆ. 1989ರ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮು ನೋಡಿರಿ. ಬಾಯಿಮಾತಿನ ದೂರು ಬರೆದುಕೊಂಡು, ಓದಿ ಹೇಳಿ, ಆಮೇಲೆ ಸಹಿ ಪಡೆದು, ಪ್ರತಿ ಕೊಡಬೇಕು. ಬೇಕೆಂದೇ ಇದನ್ನು ತಪ್ಪಿಸಿದ, ಪರಿಶಿಷ್ಟನಲ್ಲದ ಅಧಿಕಾರಿಗೆ ಆರು ತಿಂಗಳಿಂದ ಒಂದು ವರ್ಷ ಜೈಲು.

'ನಮ್ಮ ಹುಡುಗನ್ನ ಹಿಡಕೊಂಡು ಹೋದ್ರ?' ದಾರಿಯ ಹೊತ್ತು ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಲೇಬೇಕು. ಇದು ಸಂವಿಧಾನದ 22ನೇ ವಿಧಿ. 1949ರ ಸೆಪ್ಟೆಂಬರಿನಲ್ಲಿ ಸಂವಿಧಾನ ಸಭೆಯ ಮುಂದೆ ಇದನ್ನಿಟ್ಟವರು ಬಾಬಾಸಾಹೇಬರೇ.

'ವಕೀಲರಿಗೆ ರೊಕ್ಕ ಎಲ್ಲಿಂದ ತರೂದು?' 1987ರ ಕಾನೂನು ಸೇವೆಗಳ ಕಾಯ್ದೆಯ 12ನೇ ಕಲಮಿನಂತೆ ಪರಿಶಿಷ್ಟರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರುಂಟು. ಹೊಲದ ದಾವೆಗೂ, ಇಳಕಲ್ಲಿನ ಕಲ್ಲುಕ್ವಾರಿಯಲ್ಲಿ ಕೈ ಮುರಿದುಕೊಂಡವನ ಪರಿಹಾರಕ್ಕೂ, ಆರೋಪಿಯಾಗಿ ನಿಂತ ಹುಡುಗನಿಗೂ. ತಾಲೂಕು ಕೋರ್ಟಿನ ಕಾನೂನು ಸೇವೆಗಳ ಸಮಿತಿಗೆ, ಇಲ್ಲವೇ ಬಾಗಲಕೋಟೆಯ ಜಿಲ್ಲಾ ಪ್ರಾಧಿಕಾರಕ್ಕೆ ಅರ್ಜಿ ಬರೆಯಿರಿ. ಬರೆಯಲು ನಾವಿದ್ದೇವಲ್ಲ!

ನಮ್ಮ ಓದು ಅವ್ವ-ಅಪ್ಪನ ಕೂಲಿಯಿಂದ ಬಂದದ್ದು. ಮೊದಲು ಅವರ ಕಾಗದ ಅವರಿಗೆ ಓದಿ ಹೇಳೋಣ. ಹೆಬ್ಬೆಟ್ಟು ಆಮೇಲೆ.